ವಿದ್ಯುತ್ತಿನ ಬೇಡಿಕೆ ಮತ್ತು ಪೂರೈಕೆ: ಮುನ್ನಂದಾಜಿನ ಶಾಸ್ತ್ರ

ಧಾನ್ಯವನ್ನು ಕಣಜದಲ್ಲಿಯೂ ನೀರನ್ನು ಕೆರೆಯಲ್ಲಿಯೂ ಕೂಡಿಡಬಹುದು. ವಿದ್ಯುತ್ತನ್ನಾದರೋ ಹಾಗೆ ಹೇರಳವಾಗಿ ಕೂಡಿಡುವುದು ಸುಲಭವಲ್ಲ. ಬ್ಯಾಟರಿಗಳು ಇಂದು ಬಳಕೆಗೆ ಬರುತ್ತಿದ್ದರೂ ಇಡೀ ರಾಜ್ಯದ ಬೇಡಿಕೆಯನ್ನು ದಿನಗಟ್ಟಲೆ ಪೂರೈಸುವಷ್ಟು ಶಕ್ತಿ ಅವುಗಳಲ್ಲಿಲ್ಲ. ಆದುದರಿಂದ ಯಾವ ಕ್ಷಣದಲ್ಲಿ ಎಷ್ಟು ವಿದ್ಯುತ್ತು ವ್ಯಯವಾಗುವುದೋ ಅದೇ ಕ್ಷಣದಲ್ಲಿ ಅಷ್ಟೇ ವಿದ್ಯುತ್ತು ಒದಗಬೇಕು. ಈ ಸಮತೋಲನದ ಅಳತೆಗೋಲೇ ಆವೃತ್ತಿ. ಭಾರತದ ವಿದ್ಯುತ್ ಜಾಲದಲ್ಲಿ ಅದು 50 ಹರ್ಟ್ಸ್ ಇರಬೇಕು. ಬೇಡಿಕೆಯು ಉತ್ಪಾದನೆಯನ್ನು ಮೀರಿದರೆ ಆವೃತ್ತಿ ಇಳಿಯುತ್ತದೆ. ಉತ್ಪಾದನೆಯು ಮೀರಿದರೆ ಏರುತ್ತದೆ. ಎರಡೂ ಅಪಾಯಕರ.

ಹೀಗಿರುವಲ್ಲಿ ಮುಂದೆ ಬೇಕಾಗುವ ವಿದ್ಯುತ್ತೆಷ್ಟು, ದೊರೆಯುವ ವಿದ್ಯುತ್ತೆಷ್ಟು ಎಂಬುದನ್ನು ಮೊದಲೇ ಲೆಕ್ಕಹಾಕುವುದು ಅನಿವಾರ್ಯ. ಇದು ಭವಿಷ್ಯವಾಣಿಯಲ್ಲ, ಹಿಂದಿನ ದಾಖಲೆಗಳನ್ನು ಆಧರಿಸಿದ ಶಾಸ್ತ್ರ. ದಶಕ, ವರ್ಷ, ದಿನ, ಕ್ಷಣ ಎಂಬ ನಾಲ್ಕು ಕಾಲಮಾನಗಳಲ್ಲಿ ಈ ಲೆಕ್ಕ ನಡೆಯುತ್ತದೆ. ಪ್ರತಿಯೊಂದರ ಪ್ರಶ್ನೆಯೂ ಬೇರೆ, ಪರಿಹಾರವೂ ಬೇರೆ.

ದಶಕದ ಲೆಕ್ಕ

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಬೇಡಿಕೆಯು ಏರುತ್ತಲೇ ಹೋಯಿತು. ಆದರೆ ಬೇಸಗೆಯಲ್ಲಿ ಕಾವೇರಿಯ ಹರಿವು ಕ್ಷೀಣಿಸುತ್ತಿದ್ದಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟಿನ ಉದ್ದೇಶಗಳಲ್ಲಿ ನೀರಾವರಿಯೊಡನೆ ಶಿವನಸಮುದ್ರಕ್ಕೆ ವರ್ಷವಿಡೀ ನೀರನ್ನು ಒದಗಿಸುವುದೂ ಸೇರಿದ್ದಿತು. ಮುಂದಿನ ಅಗತ್ಯವನ್ನು ಮೊದಲೇ ಎಣಿಸಿ ಕಟ್ಟಡ ಕಟ್ಟುವುದೇ ದೀರ್ಘಾವಧಿಯ ಮುನ್ನಂದಾಜಿನ ಪ್ರಯೋಜನ.

ಉತ್ಪಾದನಾ ಕೇಂದ್ರವೊಂದನ್ನು ಯೋಜಿಸಿ ಪೂರ್ಣಗೊಳಿಸಲು ಹಲವು ವರ್ಷಗಳು ಹಿಡಿಯುತ್ತವೆ. ಆದುದರಿಂದ ಕೇಂದ್ರ ವಿದ್ಯುತ್ ಪ್ರಾಧಿಕಾರವು ಕಾಲಕಾಲಕ್ಕೆ ದೇಶದ ವಿದ್ಯುತ್ ಸಮೀಕ್ಷೆಯನ್ನು ನಡೆಸುತ್ತದೆ. ಇಪ್ಪತ್ತನೆಯ ಸಮೀಕ್ಷೆಯು 2022ರಲ್ಲಿ ಪ್ರಕಟವಾಯಿತು. ಈ ಲೆಕ್ಕದಲ್ಲಿ ಅಲ್ಪ ವ್ಯತ್ಯಾಸವೂ ದೊಡ್ಡದಾಗಿ ಬೆಳೆಯುತ್ತದೆ. ವಿದ್ಯಾರ್ಥಿಗಳು ಚಕ್ರಬಡ್ಡಿಯ ಸೂತ್ರದಿಂದಲೇ ಇದನ್ನು ಪರೀಕ್ಷಿಸಬಹುದು. ಇಂದಿನ ಬೇಡಿಕೆ 10,000 ಮೆಗಾವ್ಯಾಟ್ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಶೇಕಡಾ 5ರಂತೆ ಬೆಳೆದರೆ ಹತ್ತು ವರ್ಷಗಳ ತರುವಾಯ ಅದು ಸುಮಾರು 16,300 ಮೆಗಾವ್ಯಾಟ್. ಶೇಕಡಾ 7ರಂತೆ ಬೆಳೆದರೆ ಸುಮಾರು 19,700. ವ್ಯತ್ಯಾಸವು 3,400 ಮೆಗಾವ್ಯಾಟ್, ಅಂದರೆ 1,720 ಮೆಗಾವ್ಯಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಎರಡು ಕೇಂದ್ರಗಳಷ್ಟು! ಕಡಮೆ ಅಂದಾಜು ಮಾಡಿದರೆ ಕತ್ತಲೆ. ಹೆಚ್ಚು ಅಂದಾಜು ಮಾಡಿದರೆ ಸುಮ್ಮನೆ ನಿಂತ ಯಂತ್ರಗಳ ವೆಚ್ಚವೂ ಬಳಕೆದಾರನ ಬಿಲ್ಲಿಗೇ ಸೇರುತ್ತದೆ.

ವರ್ಷದ ಲೆಕ್ಕ

ಎರಡನೆಯದು ವರ್ಷದ ಲೆಕ್ಕ. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ನೀರಿನ ಲೆಕ್ಕ. ಶರಾವತಿಯ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1,819 ಅಡಿಗಳು. ಮುಂಗಾರು ಮುಗಿದಾಗ ಅಲ್ಲಿರುವ ನೀರನ್ನು ಮುಂದಿನ ಮಳೆಗಾಲದವರೆಗೆ ಹಂಚಿಕೊಳ್ಳಬೇಕು. ಚಳಿಗಾಲದಲ್ಲಿ ದುಂದು ಮಾಡಿದರೆ ಪರೀಕ್ಷೆಗಳು ನಡೆಯುವ ಬೇಸಗೆಯಲ್ಲಿ ಕೊರತೆ ತಪ್ಪದು. ಕಲ್ಲಿದ್ದಲಿನ ದಾಸ್ತಾನು, ಯಂತ್ರಗಳ ದುರಸ್ತಿಯ ಸರದಿ, ಮುಂಗಾರಿನಲ್ಲಿ ಬಲವಾಗಿ ಬೀಸುವ ಗಾಳಿಯಿಂದ ದೊರೆಯುವ ಶಕ್ತಿ, ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಬೇಡಿಕೆಯನ್ನೂ ಪೂರೈಕೆಯನ್ನೂ ಪ್ರತ್ಯೇಕವಾಗಿ ಅಂದಾಜು ಮಾಡಿ ಕೊನೆಗೆ ಕೂಡಿ ಕಳೆದರೆ ಸಾಲದು, ಏಕೆಂದರೆ ಮಳೆಯು ಎರಡನ್ನೂ ಏಕಕಾಲಕ್ಕೆ ಅಲುಗಿಸುತ್ತದೆ. ಮಳೆ ಹೋದರೆ ಜಲಾಶಯ ಬರಿದಾಗಿ ಪೂರೈಕೆ ಕುಗ್ಗುತ್ತದೆ. ಅದೇ ಕಾರಣದಿಂದ ರೈತನು ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್ ನಡೆಸುವುದರಿಂದ ಬೇಡಿಕೆ ಹಿಗ್ಗುತ್ತದೆ. 2023ರಲ್ಲಿ ಇದು ಪ್ರತ್ಯಕ್ಷವಾಯಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ಭಾರತವು ಕಂಡ ಅತ್ಯಂತ ಶುಷ್ಕವಾದ ಆಗಸ್ಟ್ ತಿಂಗಳು. ಸೆಪ್ಟೆಂಬರಿನಲ್ಲಿ ರಾಜ್ಯದ 195 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಮಳೆಗಾಲದಲ್ಲಿ ವಿಶ್ರಮಿಸಬೇಕಾಗಿದ್ದ ಪಂಪ್‌ಸೆಟ್‌ಗಳು ಬೇಸಗೆಯಂತೆ ದುಡಿದುವು. ಅಕ್ಟೋಬರಿನಲ್ಲಿ ಸರ್ಕಾರವು 2003ರ ವಿದ್ಯುಚ್ಛಕ್ತಿ ಅಧಿನಿಯಮದ 11ನೆಯ ಪ್ರಕರಣವನ್ನು ಪ್ರಯೋಗಿಸಿ, ರಾಜ್ಯದೊಳಗಿನ ಉತ್ಪಾದಕರು ವಿದ್ಯುತ್ತನ್ನು ರಾಜ್ಯಕ್ಕೇ ಕೊಡುವಂತೆ ಆಜ್ಞಾಪಿಸಬೇಕಾಯಿತು.

ದಿನದ ಲೆಕ್ಕ

ಮೂರನೆಯದು ನಾಳಿನ ಲೆಕ್ಕ. ದಿನವೊಂದನ್ನು 15 ನಿಮಿಷಗಳ 96 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಬೇಡಿಕೆಯೆಷ್ಟು, ಯಾವ ಕೇಂದ್ರ ಎಷ್ಟು ಕೊಡಬೇಕು ಎಂದು ಹಿಂದಿನ ದಿನವೇ ಪಟ್ಟಿ ತಯಾರಾಗುತ್ತದೆ. ಹವಾಮಾನ ವರದಿ, ವಾರದ ದಿನ, ಹಬ್ಬ, ಕಾರ್ಖಾನೆಗಳ ರಜೆ, ಕಳೆದ ವರ್ಷದ ಇದೇ ದಿನದ ದಾಖಲೆ, ಇವು ಅದರ ಸಾಮಗ್ರಿ. ಸೌರಶಕ್ತಿಯು ಈ ಪಟ್ಟಿಯ ಸ್ವರೂಪವನ್ನೇ ಬದಲಿಸಿದೆ. ಪಾವಗಡದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು ಹಗಲಿನಲ್ಲಿ ಧಾರಾಳವಾಗಿ ಕೊಡುತ್ತದೆ. ಆದರೆ ಮನೆಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೇ ಸೂರ್ಯನು ಮುಳುಗುತ್ತಾನೆ. ಆ ಸಂಜೆಯ ಕೊರತೆಯನ್ನು ತುಂಬುವವರಾರು ಎಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ತಣ್ಣಗಾದ ಕಲ್ಲಿದ್ದಲು ಯಂತ್ರವು ಸಜ್ಜಾಗಲು ಹಲವು ಗಂಟೆಗಳು ಬೇಕು; ಶರಾವತಿಯ ಜಲಯಂತ್ರಗಳಿಗೆ ಕೆಲವೇ ನಿಮಿಷಗಳು ಸಾಕು.

ಕ್ಷಣದ ಲೆಕ್ಕ

ಎಷ್ಟೇ ಎಚ್ಚರದಿಂದ ಪಟ್ಟಿ ಮಾಡಿದರೂ ಮೋಡವೊಂದು ಮುಸುಕಬಹುದು, ಯಂತ್ರವೊಂದು ನಿಲ್ಲಬಹುದು. ಆಗ ಆವೃತ್ತಿಯನ್ನು ನೋಡಿಕೊಂಡು ಕ್ಷಣಕ್ಷಣಕ್ಕೂ ತಿದ್ದುವುದು ನಿಯಂತ್ರಣ ಕೇಂದ್ರಗಳ ಹೊಣೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದ ಜನರು ಒಂಬತ್ತು ನಿಮಿಷಗಳ ಕಾಲ ಮನೆಯ ದೀಪಗಳನ್ನು ಆರಿಸಿದರು. ಬೇಡಿಕೆಯು 12,000ದಿಂದ 14,000 ಮೆಗಾವ್ಯಾಟ್‌ನಷ್ಟು ಇಳಿದೀತೆಂದು ತಜ್ಞರು ಅಂದಾಜು ಮಾಡಿದ್ದರು. ಇಳಿದುದು ಸುಮಾರು 31,000. ಅಂದಾಜು ತಪ್ಪಿದರೂ ಜಾಲವು ಕುಸಿಯಲಿಲ್ಲ. ಅಂದಾಜಿಗಿಂತ ಹೆಚ್ಚಿನ ಸಿದ್ಧತೆಯನ್ನು ಕಾದಿರಿಸಿದ್ದುದರಿಂದ ಜಲವಿದ್ಯುತ್ ಕೇಂದ್ರಗಳು ಬೇಗನೆ ಉತ್ಪಾದನೆಯನ್ನು ತಗ್ಗಿಸಿ ಮತ್ತೆ ಹೆಚ್ಚಿಸಿದುವು.

ಇದರಿಂದ ತಿಳಿಯಬೇಕಾದುದಿಷ್ಟು: ಅಂದಾಜು ತಪ್ಪುವುದು ಸಹಜ, ಎಷ್ಟು ತಪ್ಪಬಹುದೆಂಬುದನ್ನೂ ಅಂದಾಜಿನೊಳಗೇ ಸೇರಿಸಿಕೊಳ್ಳುವುದು ಜಾಣತನ. ಆದರೆ ಒಂದು ಕಾಲಮಾನದ ಅಲಕ್ಷ್ಯವನ್ನು ಮತ್ತೊಂದು ತುಂಬಿಕೊಡಲಾರದು. ಹತ್ತು ವರ್ಷಗಳ ಹಿಂದೆ ಕಟ್ಟದ ಕೇಂದ್ರವನ್ನು ಹದಿನೈದು ನಿಮಿಷಗಳಲ್ಲಿ ಕಟ್ಟಲಾಗದು. ಜನವರಿಯಲ್ಲಿ ಹರಿಯಗೊಟ್ಟ ನೀರು ಏಪ್ರಿಲಿನಲ್ಲಿ ಮರಳದು. ಆಗ ಉಳಿಯುವ ದಾರಿ ಲೋಡ್ ಶೆಡ್ಡಿಂಗ್ ಒಂದೇ. ಅದರ ನಷ್ಟವನ್ನು ಅನುಭವಿಸುವವರು ಒಣಗುವ ಪೈರಿನ ಒಡೆಯನಾದ ರೈತನೂ ಪುಸ್ತಕ ಮುಚ್ಚಿಡಬೇಕಾದ ವಿದ್ಯಾರ್ಥಿಯೂ ಹೊರತು ಅಂದಾಜು ತಪ್ಪಿದ ಕಾಗದವಲ್ಲ. ಮಳೆಯ ಪ್ರಮಾಣವನ್ನು ದಿನವೂ ಬರೆದಿಡುವ, ಮನೆಯ ಮೀಟರನ್ನು ತಿಂಗಳಿಗೊಮ್ಮೆ ಓದಿ ಏರಿಳಿತದ ಕಾರಣವನ್ನು ವಿಚಾರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳು ಇಂದೇ ಬೆಳೆಸಿಕೊಳ್ಳಲಿ. ನಾಡಿನ ನಾಳೆಯನ್ನು ಎಣಿಸುವ ಶಾಸ್ತ್ರದ ಮೊದಲ ಪಾಠ ಅದೇ ಆಗಿದೆ.