ತೊಗಟೆಯ ಕವಚ

ಕಾದ ನೀರಿನ ಕೊಳವೆ, ತೊಟ್ಟಿಗಳನ್ನು ಹಾಗೆಯೇ ಬಿಟ್ಟರೆ ಶಾಖವು ಗಾಳಿಯ ಪಾಲಾಗಿ, ಉರಿಸಿದ ಸೌದೆ ವ್ಯರ್ಥವಾಗುತ್ತದೆ. ಇದನ್ನು ತಡೆಯಲು 20ನೆಯ ಶತಮಾನದಲ್ಲಿ ಕಲ್ನಾರನ್ನು ಹೇರಳವಾಗಿ ಬಳಸಿದರು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಹೊಕ್ಕು ಅಸಂಖ್ಯ ಕಾರ್ಮಿಕರ ಶ್ವಾಸಕೋಶಗಳನ್ನು ಕೆಡಿಸಿದವು.

ಸಸ್ಯಲೋಕದಲ್ಲಿ ಇದಕ್ಕೆ ಬದಲಿಯುಂಟು. ಪೋರ್ಚುಗಲ್ ದೇಶದಲ್ಲಿ ಕಾರ್ಕ್ ಓಕ್ ಮರದ ತೊಗಟೆಯನ್ನು 9 ವರ್ಷಗಳಿಗೊಮ್ಮೆ ಸುಲಿಯುತ್ತಾರೆ. ಮರವು ಸಾಯದೆ ಹೊಸ ತೊಗಟೆಯನ್ನು ಹೊದೆಯುತ್ತದೆ. 1665ರಲ್ಲಿ ರಾಬರ್ಟ್ ಹುಕ್ 'ಕೋಶ'ವೆಂದು ಹೆಸರಿಟ್ಟುದು ಕಾರ್ಕಿನ ಪುಟ್ಟ ಗೂಡುಗಳಿಗೇ. ಅವುಗಳಲ್ಲಿ ಸೆರೆಸಿಕ್ಕ ನಿಶ್ಚಲವಾದ ಗಾಳಿಯೇ ಶಾಖಕ್ಕೆ ತಡೆ. ಚೂರುಗಳನ್ನು ಅತ್ಯುಷ್ಣ ಹಬೆಯಲ್ಲಿ ಬೇಯಿಸಿದರೆ ತೊಗಟೆಯ ಅಂಟೇ ಅವುಗಳನ್ನು ಬೆಸೆಯುತ್ತದೆ. ಆ ಗಟ್ಟಿಯನ್ನು ಬೇಕಾದ ಆಕಾರಕ್ಕೆ ಕೊರೆದು ಹೊದಿಸುತ್ತಾರೆ.

ಆದರೆ ಇದರ ಧೂಳೂ ಉಸಿರಿಗೆ ಕೇಡೇ. ಕೊರೆಯುವವನ ಮೂಗುಬಾಯಿಗೆ ಮುಸುಕು ಬೇಕು. ಕೊಳವೆಯ ಬಿಸಿಯನ್ನು ಕಾಯುವ ಕವಚವು ಅದನ್ನು ಮಾಡುವವನ ಉಸಿರನ್ನೂ ಕಾಯಬೇಡವೇ?