ಸಂಗ್ರಹ ನಿಯಂತ್ರಕ ಮತ್ತು ಮುಕ್ತ ಚಾಲಕ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿರುವ ಗಡಿನಾಡು. ಇಂಥಲ್ಲಿ ಜನಪದ ಹಾಡುಗಳನ್ನೂ ಹಿರಿಯರ ಮಾತುಗಳನ್ನೂ ಧ್ವನಿಮುದ್ರಿಸಿ ಗಣಕದಲ್ಲಿರಿಸುವವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಯಂತ್ರ ಕೆಟ್ಟ ಮೇಲೂ ಆ ಧ್ವನಿ ಉಳಿಯುವುದೇ?

ಗಣಕಕ್ಕೂ ಹಾರ್ಡ್ ಡಿಸ್ಕುಗಳಿಗೂ ನಡುವೆ ಮಾಹಿತಿಯನ್ನು ಸಾಗಿಸುವುದು ಸಂಗ್ರಹ ನಿಯಂತ್ರಕ ಕಾರ್ಡು. ಕಾರ್ಯವ್ಯವಸ್ಥೆಯು ಅದರೊಡನೆ ವ್ಯವಹರಿಸಲು ನೆರವಾಗುವ ತಂತ್ರಾಂಶವೇ ಚಾಲಕ, ಅಂದರೆ ಡ್ರೈವರ್. ಚಾಲಕದ ಒಳಗುಟ್ಟು ತಯಾರಕರಲ್ಲಿ ಮಾತ್ರ ಇದ್ದರೆ, ಅವರು ಪರಿಷ್ಕರಣೆ ನಿಲ್ಲಿಸಿದಾಗ ಹೊಸ ಕಾರ್ಯವ್ಯವಸ್ಥೆಯಲ್ಲಿ ಕಾರ್ಡು ನಿರುಪಯುಕ್ತವಾಗಬಹುದು. ಮುಕ್ತ ಚಾಲಕವನ್ನಾದರೋ ಬಲ್ಲವರು ಯಾರೂ ಓದಿ ತಿದ್ದಬಹುದು. 1991ರಲ್ಲಿ ಆರಂಭವಾದ ಲಿನಕ್ಸ್‌ನಲ್ಲಿ ಇಂಥ ಚಾಲಕಗಳು ಹೇರಳವಾಗಿವೆ. ಎಲ್‌ಎಸ್‌ಐ ಕಾರ್ಡುಗಳಿಗೆ ಬಳಕೆಯಾಗುವ ‘ಎಂಪಿಟಿ3ಸ್ಯಾಸ್’ ಅವುಗಳಲ್ಲೊಂದು.

ಮೊದಲು ‘ಎಲ್‌ಎಸ್‌ಪಿಸಿಐ’ ಆದೇಶದಿಂದ ಕಾರ್ಡಿನ ಗುರುತುಸಂಖ್ಯೆಯನ್ನೂ ಅದಕ್ಕೆ ಹೊಂದಿಕೊಂಡ ಚಾಲಕವನ್ನೂ ತಿಳಿಯಬೇಕು. ಡಿಸ್ಕುಗಳು ಕಾಣದಿದ್ದರೆ ‘ಡಿಮೆಸೇಜ್’ ತೋರುವ ಸಂದೇಶಗಳಲ್ಲಿ ಕಾರಣವನ್ನು ಹುಡುಕಬೇಕು.

ಡಿಸ್ಕುಗಳನ್ನು ಜೋಡಿಸುವ ಕೆಲಸವನ್ನು, ಅಂದರೆ ರೇಡ್ ಅನ್ನು, ಅನೇಕ ಕಾರ್ಡುಗಳು ತಮ್ಮದೇ ವಿನ್ಯಾಸದಲ್ಲಿ ಮಾಡುತ್ತವೆ. ಆ ಕಾರ್ಡು ಕೆಟ್ಟರೆ ಅದೇ ಬಗೆಯ ಇನ್ನೊಂದನ್ನು ಹುಡುಕಬೇಕಾದೀತು. ಕಾರ್ಡನ್ನು ಮಾಹಿತಿ ಸಾಗಿಸಲು ಮಾತ್ರ ಬಿಟ್ಟು, ಲಿನಕ್ಸ್‌ನ ‘ಎಂಡಿಎಡಿಎಂ’ ಮೂಲಕ ಎರಡು ಡಿಸ್ಕುಗಳಲ್ಲಿ ಪ್ರತಿಬಿಂಬವಿರಿಸಿದರೆ, ಜೋಡಣೆಯ ವಿವರ ಡಿಸ್ಕುಗಳಲ್ಲಿಯೇ ಇರುತ್ತದೆ. ಬೇರೊಂದು ಲಿನಕ್ಸ್ ಗಣಕವೂ ಅದನ್ನು ಓದಬಲ್ಲದು.

ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಕನ್ನಡವು ಆ ಫಾಂಟಿಲ್ಲದೆಡೆ ಅರ್ಥಹೀನ ಚಿಹ್ನೆಗಳಾಗುವುದನ್ನೂ, ಯೂನಿಕೋಡ್ ಬರಹ ಎಲ್ಲೆಡೆ ಓದಿಸಿಕೊಳ್ಳುವುದನ್ನೂ ಕನ್ನಡ ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಅದೇ ನೀತಿ. ಆದರೆ ಪ್ರತಿಬಿಂಬವು ಪ್ರತಿಯಲ್ಲ: ಕೈತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಅಳಿಯುತ್ತದೆ. ಆದ್ದರಿಂದ ಇನ್ನೊಂದು ಪ್ರತಿ ಬೇರೊಂದು ಸ್ಥಳದಲ್ಲಿರಲೇಬೇಕು.