ಗೂಡಿನಿಂದ ಬಿದ್ದ ಮರಿಯೂ ಗೃಹಸ್ಥನ ಕರ್ತವ್ಯವೂ

ಮುಂಗಾರಿಗೆ ಮೊದಲಿನ ಗಾಳಿ ಬೀಸತೊಡಗಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟಗಳಲ್ಲಿಯೂ ಸೊಪ್ಪಿನ ಬೆಟ್ಟಗಳಲ್ಲಿಯೂ ಹಕ್ಕಿಯ ಗೂಡುಗಳು ಕಳಚಿ ಬೀಳುವುದು, ಮರುದಿನ ಹಾಳೆ ಹೆಕ್ಕಲು ಹೋದವರ ಕಾಲಬುಡದಲ್ಲಿ ರೆಕ್ಕೆ ಮುರಿದ ಮರಿಯೊಂದು ಬಾಯ್ದೆರೆದು ಕೂಗುವುದು, ಮಕ್ಕಳು ಅದನ್ನು ಬೊಗಸೆಯಲ್ಲಿ ಹಿಡಿದು ಅಂಗಳಕ್ಕೆ ತರುವುದು ಪ್ರತಿವರ್ಷ ನಡೆಯುವ ಸಂಗತಿ. ಸೋಂದೆಯ ಮುಂಡಿಗೆಕೆರೆಯಲ್ಲಿ ಮುಂಡಿಗೆಯ ಪೊದೆಗಳ ಮೇಲೆ ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಮರಿಮಾಡುವುದನ್ನು ತಲೆತಲಾಂತರದಿಂದ ಕಂಡ ನಮ್ಮ ಜನಕ್ಕೆ ಹಕ್ಕಿಯ ಮೇಲಿನ ಕರುಣೆಯನ್ನು ಯಾರೂ ಹೊಸದಾಗಿ ಬೋಧಿಸಬೇಕಾಗಿಲ್ಲ. ಆದರೆ ಆ ಕರುಣೆಗೂ ಒಂದು ಕಾಯಿದೆಯ ಮಾರ್ಗವುಂಟೆಂಬುದು ಬಹುಮಂದಿಗೆ ಗೊತ್ತಿಲ್ಲ.

ಮುಟ್ಟಿದರೆ ಸೆರೆಮನೆಯಾದೀತೆಂದು ಭೀತರಾಗಿ ಮರಿಯನ್ನು ಸಾಯಲು ಬಿಡುವವರೂ ಉಂಟು, ಬದುಕಿಸಿದ ಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುವುದು ಪುಣ್ಯವೆಂದು ನಂಬಿದವರೂ ಉಂಟು. ಇವೆರಡೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಶಬ್ದದಲ್ಲಿ ಕೊಲ್ಲುವುದನ್ನು ಮಾತ್ರವಲ್ಲದೆ ಹಿಡಿಯುವುದನ್ನೂ, ಹಕ್ಕಿಯ ಮೊಟ್ಟೆ ಗೂಡುಗಳನ್ನು ಕೆಡಿಸುವುದನ್ನೂ ಸೇರಿಸಿದೆ. ಆದರೆ ಗಾಯಗೊಂಡ ಪ್ರಾಣಿಯನ್ನು ಚಿಕಿತ್ಸೆಗೊಪ್ಪಿಸಲೆಂದೇ ಎತ್ತಿಕೊಂಡು, ತಡಮಾಡದೆ ಅಧಿಕಾರಿಗಳಿಗೆ ತಿಳಿಸಿದವನನ್ನು ದಂಡಿಸುವುದು ಅದರ ಉದ್ದೇಶವಲ್ಲ. ಪ್ರಾಣಿಗಳಲ್ಲಿ ದಯೆಯುಳ್ಳವರಾಗಿರಬೇಕೆಂದು ಸಂವಿಧಾನದ 51ಎ ಅನುಚ್ಛೇದವೇ ಪ್ರತಿಯೊಬ್ಬ ನಾಗರಿಕನಿಗೂ ವಿಧಿಸಿದೆಯಲ್ಲವೆ?

ತಿಳಿಸುವುದಕ್ಕೊಂದು ಅವಧಿಯುಂಟು. ಕಾಯಿದೆಯ 39ನೆಯ ಪ್ರಕರಣದ ಪ್ರಕಾರ ಸರ್ಕಾರದ ಸ್ವತ್ತೆನಿಸಿದ ವನ್ಯಜೀವಿ ಯಾವ ರೀತಿಯಿಂದಲೇ ಆಗಲಿ ಕೈಸೇರಿದರೆ, 48 ಗಂಟೆಗಳೊಳಗಾಗಿ ಸಮೀಪದ ಪೊಲೀಸ್ ಠಾಣೆಗಾಗಲಿ ಅಧಿಕೃತ ಅಧಿಕಾರಿಗಾಗಲಿ ವರದಿಮಾಡತಕ್ಕದ್ದು, ಕೇಳಿದಾಗ ಒಪ್ಪಿಸತಕ್ಕದ್ದು. ಅರಣ್ಯ ಇಲಾಖೆಯ ಉಚಿತ ಸಹಾಯವಾಣಿ 1926. ಸಿದ್ದಾಪುರದವರಿಗೆ ಶಿರಸಿ ಅರಣ್ಯ ವಿಭಾಗ, ಯಲ್ಲಾಪುರದವರಿಗೆ ಅಲ್ಲಿಯದೇ ವಿಭಾಗ. ಊರಿನ ಗಾರ್ಡಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಸಿಕ್ಕಿದ ಸ್ಥಳ, ದಿನ, ವೇಳೆ, ಗಾಯದ ಸ್ವರೂಪಗಳನ್ನು ನಾಲ್ಕು ಸಾಲಿನ ಪತ್ರದಲ್ಲಿ ಬರೆದು ವಲಯ ಅರಣ್ಯ ಕಚೇರಿಗೆ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದು ಲೇಸು. ಮುಂದೆ ಯಾರಾದರೂ ಆಕ್ಷೇಪವೆತ್ತಿದರೆ ಆ ಕಾಗದವೇ ನಿಮ್ಮ ರಕ್ಷೆ.

ಅಧಿಕಾರಿಗಳು ಬರುವ ತನಕ ಮಾಡಬೇಕಾದುದು ಸ್ವಲ್ಪ, ಮಾಡಬಾರದುದೇ ಹೆಚ್ಚು. ಗರಿ ಮೂಡಿ ಕುಪ್ಪಳಿಸುತ್ತಿರುವ ಮರಿ ಅನಾಥವಲ್ಲ, ತಾಯಿ ಹತ್ತಿರದ ಕೊಂಬೆಯಲ್ಲಿಯೇ ಇರುತ್ತದೆ. ಬೆಕ್ಕು ನಾಯಿಗಳಿಗೆ ಸಿಗದಂತೆ ಪೊದೆಯ ಮೇಲೇರಿಸಿ ಬಿಡಬೇಕು. ಗರಿಯಿಲ್ಲದ, ಗಾಯವಿಲ್ಲದ ಮರಿಯನ್ನು ಗೂಡಿಗೆ ಮರಳಿಸಬಹುದು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸದೆಂಬ ಮಾತಿಗೆ ಆಧಾರವಿಲ್ಲ. ಗಾಯಗೊಂಡದ್ದನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಅರಿವೆ ಹಾಸಿ, ಬೆಚ್ಚಗಿನ ಕತ್ತಲೆಯಲ್ಲಿಡಬೇಕು. ಹಾಲು ಹಕ್ಕಿಗೆ ಜೀರ್ಣವಾಗದು. ಕೊಕ್ಕಿಗೆ ನೀರು ಸುರಿಯಲೇಬಾರದು: ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ನೀರು ಶ್ವಾಸಕೋಶಕ್ಕಿಳಿದು, ಪ್ರೀತಿಯಿಂದ ಕುಡಿಸಿದವರ ಕೈಯಲ್ಲಿಯೇ ಪ್ರಾಣ ಹೋಗುತ್ತದೆ. ಬೆಕ್ಕಿನ ಹಲ್ಲು ತಗುಲಿದ್ದರೆ ಗಾಯ ಚಿಕ್ಕದೆಂದು ತೋರಿದರೂ ಪಶುವೈದ್ಯರಲ್ಲಿಗೆ ಒಯ್ಯಲೇಬೇಕು.

ಗುಣಮುಖವಾದ ಹಕ್ಕಿಯನ್ನು ಮಕ್ಕಳು ಬಿಡಲೊಲ್ಲರೆಂಬ ಕಾರಣದಿಂದ ಉಳಿಸಿಕೊಳ್ಳುವುದು ಮಾತ್ರ ಅಪರಾಧ. ಮನೆಮನೆಯ ಜಗಲಿಯಲ್ಲಿ ತೂಗುವ ಗಿಳಿಯ ಪಂಜರಕ್ಕೂ ಈ ಮಾತು ಅನ್ವಯಿಸುತ್ತದೆ. 2023ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನವಿಲು, ದಾಸಮಂಗಟ್ಟೆಗಳಂಥ ಮೊದಲನೆಯ ಅನುಸೂಚಿಯ ಹಕ್ಕಿಗಳ ವಿಷಯದಲ್ಲಿ 3ರಿಂದ 7 ವರ್ಷ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಒಪ್ಪಿಸಿದ ಮರಿಯ ಗತಿ ಏನಾಯಿತೆಂದು ಕೇಳುವ ಹಕ್ಕೂ ನಿಮ್ಮದೇ. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಗೂಡು ಕೆಡಿಸಿದವರ ಮೇಲೆ ಇಲಾಖೆ ಕ್ರಮ ಕೈಗೊಳ್ಳದಿದ್ದಲ್ಲಿ, 60 ದಿನಗಳ ಮುನ್ಸೂಚನೆ ಕೊಟ್ಟು ಸ್ವತಃ ನ್ಯಾಯಾಲಯಕ್ಕೆ ದೂರು ಸಲ್ಲಿಸಲು 55ನೆಯ ಪ್ರಕರಣವು ಸಾಮಾನ್ಯ ನಾಗರಿಕನಿಗೂ ಅಧಿಕಾರ ನೀಡಿದೆ.

ಈ ಸಲದ ಗಾಳಿ ಏಳುವ ಮುನ್ನ ನಿಮ್ಮ ವಲಯ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ವಿಚಾರಿಸಿ, ಗೋಡೆಯ ಪಂಚಾಂಗದ ಬದಿಗೆ, ಮಕ್ಕಳ ಕಣ್ಣಿಗೆ ಬೀಳುವಂತೆ, ಬರೆದಿಡಿರಿ.